ಚುಕ್ಕಿ ಇದ್ದರೆ ತಿದ್ದುತ್ತಾನೆ, ಖಾಲಿ ಹಾಳೆ ಕೊಟ್ಟರೆ ಅಳುತ್ತಾನೆ. ಏನು ಮಾಡಲಿ?

ನಿಟ್ಟುವಳ್ಳಿ ಅಮ್ಮ:
ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮಗನಿಗೆ 4 ವರ್ಷ 3 ತಿಂಗಳು, ಎಲ್‌ಕೆಜಿ. ಶಾಲೆಯಲ್ಲಿ ಚುಕ್ಕಿ ಅಕ್ಷರ ತಿದ್ದುವ ಪುಸ್ತಕ ಕೊಟ್ಟಿದ್ದಾರೆ. ದಿನಕ್ಕೆ 4 ಪುಟ ಹೋಂವರ್ಕ್, ಕನ್ನಡ 2, ಇಂಗ್ಲಿಷ್ 2. ಚುಕ್ಕಿ ಮೇಲೆ ಚೆನ್ನಾಗಿಯೇ ತಿದ್ದುತ್ತಾನೆ, ಮಿಸ್ ಸ್ಟಾರ್ ಹಾಕಿ ಕಳಿಸುತ್ತಾರೆ. ಕಳೆದ ಭಾನುವಾರ ಸುಮ್ನೆ ಒಂದು ಖಾಲಿ ಹಾಳೆ ಕೊಟ್ಟು "ಅ ಬರಿ ಪುಟ್ಟ" ಅಂದೆ. ಹಾಳೆ ನೋಡಿದ, ನನ್ನ ಮುಖ ನೋಡಿದ, "ಚುಕ್ಕಿ ಇಟ್ಟುಕೊಡು" ಅಂದ. ನೀನೇ ಬರಿ ಅಂದಿದ್ದಕ್ಕೆ ಅತ್ತುಬಿಟ್ಟ. ನಾಲ್ಕು ತಿಂಗಳಿಂದ ದಿನಾ ತಿದ್ದಿದ ಅಕ್ಷರ ಅದು. ನನಗೂ ಅಳು ಬಂತು.

ಇನ್ನೊಂದು, ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ, ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕೈ ನೋವು ಅನ್ನುತ್ತಾನೆ. ನಮ್ಮ ಅತ್ತೆ "ಪಾಟಿ ಬಳಪ ಕೊಡು, ಎಲ್ಲಾ ಸರಿಹೋಗುತ್ತೆ" ಅನ್ನುತ್ತಾರೆ. ನಮ್ಮ ಮನೆಯವರು ಇನ್ನೂ ಒಂದು ವರ್ಷ ಬಿಡು ಅನ್ನುತ್ತಾರೆ. ಪಕ್ಕದ ಮನೆ ಹುಡುಗಿ ಇವನ ವಯಸ್ಸಿನವಳೇ, ಅಆಇಈ ಪೂರ್ತಿ ಬರೆಯುತ್ತಾಳೆ. ದಯವಿಟ್ಟು ಯಾರಾದರೂ ದಾರಿ ಹೇಳಿ.

ಚಳ್ಳಕೆರೆ ಅಂಗನವಾಡಿ:
ಅಕ್ಕ, ಮೊದಲು ನೀವು ಅಳಬೇಡಿ. ನಿಮ್ಮ ಮಗನಿಗೆ ಏನೂ ಆಗಿಲ್ಲ. ಅವನು ಕಲಿತಿರುವುದು ಚುಕ್ಕಿ ಹಿಂದೆ ಹೋಗುವುದನ್ನು, ಅಕ್ಷರವನ್ನಲ್ಲ. ಇದು ತುಂಬಾ ಮಕ್ಕಳಲ್ಲಿ ಆಗುತ್ತೆ. ಒಂದು ಚುಕ್ಕಿಯಿಂದ ಮುಂದಿನ ಚುಕ್ಕಿ, ಅಲ್ಲಿಂದ ಮುಂದಿನದು, ಅಷ್ಟೇ ಅವನ ಕಣ್ಣಿಗೆ ಕಾಣುವುದು. ಇಡೀ ಅ ಹೇಗಿದೆ ಅಂತ ನೋಡುವ ಕೆಲಸವೇ ಅವನಿಗೆ ಬಿದ್ದಿಲ್ಲ.

ನಮ್ಮಲ್ಲಿ ಬರುವವರು 3ರಿಂದ 6 ವರ್ಷದ ಮಕ್ಕಳು. ಪೆನ್ಸಿಲ್ ಕೊಡುವ ಮುಂಚೆ ನಾನು ಕೈಗೆ ಬೇರೆ ಕೆಲಸ ಕೊಡುತ್ತೇನೆ. ನಮ್ಮ ಕಡೆ ಶೇಂಗಾ ಜಾಸ್ತಿ ಅಲ್ವಾ, ಶೇಂಗಾ ಸುಲಿಯುವುದು. ಅವರೆಕಾಯಿ ಕಾಲದಲ್ಲಿ ಅವರೆಕಾಯಿ ಬಿಡಿಸುವುದು. ಚಪಾತಿ ಹಿಟ್ಟನ್ನು ಉಜ್ಜಿ ಉದ್ದ ಹಾವು ಮಾಡುವುದು, ಆ ಹಾವನ್ನು ಸುತ್ತಿ ರ ಮಾಡುವುದು. ನಿಮ್ಮ ಕಡೆ ಮೆಕ್ಕೆಜೋಳ ಬೇಕಾದಷ್ಟು ಸಿಗುತ್ತೆ, ಒಣಗಿದ ತೆನೆ ಕೊಟ್ಟು ಕಾಳು ಬಿಡಿಸಲು ಹೇಳಿ, ಹೆಬ್ಬೆರಳಿಗೆ ಅದಕ್ಕಿಂತ ಒಳ್ಳೆ ಕೆಲಸ ಇಲ್ಲ. (ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ದರೆ ಕಾಳು, ಶೇಂಗಾ ಕೆಳಗೆ ಬೀಳದ ಹಾಗೆ ನೋಡಿಕೊಳ್ಳಿ, ಗಂಟಲಿಗೆ ಸಿಕ್ಕಿದರೆ ಕಷ್ಟ.)

ಆಮೇಲೆ ತಟ್ಟೆಯಲ್ಲಿ ರವೆ ಹರಡಿ ಬೆರಳಲ್ಲಿ ಬರೆಸಿ. ರಂಗೋಲಿ ಪುಡಿ ಬೇಡ, ಆ ಕೈಯಲ್ಲೇ ಕಣ್ಣು ಉಜ್ಜಿಕೊಳ್ಳುತ್ತಾರೆ.

ದುರ್ಗದ ಥೆರಪಿಸ್ಟ್:
ನಾನು ಚಿತ್ರದುರ್ಗದಲ್ಲಿ ಮಕ್ಕಳಿಗೆ ಆಕ್ಯುಪೇಷನಲ್ ಥೆರಪಿ ಮಾಡುವವಳು, ಅಂದರೆ ಬರೆಯುವುದು, ಗುಂಡಿ ಹಾಕುವುದು ಇಂಥ ದಿನನಿತ್ಯದ ಕೆಲಸ ಕಷ್ಟವಾಗುವ ಮಕ್ಕಳಿಗೆ ಅಭ್ಯಾಸ ಮಾಡಿಸುವ ಚಿಕಿತ್ಸೆ. ಮೇಲೆ ಅಕ್ಕ ಬರೆದಿದ್ದು ಪೂರ್ತಿ ಸರಿ. ಕೈ ನೋವು ಅಂದಿರಲ್ಲ, ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಗಟ್ಟಿ ಮೂಳೆಯಾಗಿರುವುದಿಲ್ಲ, ಮೆತ್ತಗಿನ ಮೃದ್ವಸ್ಥಿ. ಒಂದೊಂದೇ ಗಟ್ಟಿಯಾಗುತ್ತಾ ಬರುತ್ತವೆ, 4 ವರ್ಷದ ಮಗುವಿಗೆ ಎಕ್ಸ್‌ರೇ ತೆಗೆದರೆ ಎಂಟೂ ಕಾಣುವುದೇ ಇಲ್ಲ. ಆ ಕೈಗೆ ದಿನಾ 4 ಪುಟ ಅಂದರೆ ಜಾಸ್ತಿ ಆಯಿತು. ಅವನು ಸೋಮಾರಿತನಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ನೋಯುತ್ತಿರುತ್ತೆ. 5ರಿಂದ 10 ನಿಮಿಷ ಸಾಕು.

ಮುಷ್ಟಿ ಹಿಡಿತದ ಬಗ್ಗೆ: ಚಿಕ್ಕ ಮಕ್ಕಳು ಮೊದಲು ಹಿಡಿಯುವುದೇ ಹಾಗೆ. ಮೂರು ಬೆರಳಿನ ಹಿಡಿತ ನಾಲ್ಕರ ಆಸುಪಾಸಿನಲ್ಲಿ ಶುರುವಾಗಿ, ಬೆರಳುಗಳಷ್ಟೇ ಆಡುವ ಹದ ಬರುವಾಗ 5, ಕೆಲವರಿಗೆ 6 ಕೂಡ ಆಗುತ್ತೆ. ಬೈದು ತಿದ್ದಿಸಬೇಡಿ. ಅದರ ಬದಲು ಚಿಕ್ಕದು ಕೊಡಿ, ಅರ್ಧ ಮುರಿದ ಕ್ರೇಯಾನ್, ಒಂದಂಗುಲದ ಬಳಪದ ತುಂಡು. ಅಷ್ಟು ಚಿಕ್ಕದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳ ತುದಿಗೆ ತಾನೇ ಬರುತ್ತೆ. ನಿಮ್ಮ ಅತ್ತೆಯವರ ಪಾಟಿ ಬಳಪದ ಮಾತು ನನಗೆ ತುಂಬಾ ಇಷ್ಟ ಆಯಿತು. ಪಾಟಿ ಮೇಲೆ ಬಳಪ ಸ್ವಲ್ಪ ತಡೆಯುತ್ತೆ, ಆ ತಡೆ ಕೈಗೆ ಗೊತ್ತಾಗುತ್ತೆ. ನುಣುಪು ಹಾಳೆ ಮೇಲೆ ಪೆನ್ಸಿಲ್ ಜಾರಿಕೊಂಡು ಹೋಗುತ್ತೆ.

ಇನ್ನು ಪಕ್ಕದ ಮನೆ ಹುಡುಗಿ. ನೋಡಿ ಬರೆಯುವುದರಲ್ಲಿ ಸುಮಾರಾಗಿ ಒಂದು ಕ್ರಮ ಇದೆ. 3 ವರ್ಷಕ್ಕೆ ಸೊನ್ನೆ, 4ಕ್ಕೆ ಕೂಡುವ ಗುರುತು, ನಾಲ್ಕೂವರೆಗೆ ಚೌಕ, 5ಕ್ಕೆ ತ್ರಿಕೋನ. ಆರು ತಿಂಗಳು ಹಿಂದೆ ಮುಂದೆ ಆಗುವುದು ಮಾಮೂಲಿ. ಅಂಗಿ ಗುಂಡಿ ಹಾಕುವುದು, ಚಮಚ ಹಿಡಿಯುವುದು, ಚೆಂಡು ಹಿಡಿಯುವುದು ಕೂಡ ಅವನಿಗೆ ಕಷ್ಟ ಆಗುತ್ತಿದ್ದರೆ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ಬರೀ ಅ ಬರಲಿಲ್ಲ ಅನ್ನುವುದಕ್ಕೆ ಬೇಡ.

ವಿದ್ಯಾನಗರ ಅಪ್ಪ:
ಎಲ್ಲರೂ ತಿದ್ದಿಸುವುದೇ ತಪ್ಪು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ನಾವೆಲ್ಲ ತಿದ್ದಿಯೇ ಕಲಿತವರು. ನಮ್ಮ ಅಜ್ಜ ಪಾಟಿ ಮೇಲೆ ಒಂದು ಅ ಬರೆದುಕೊಡುತ್ತಿದ್ದರು, ಅದರ ಮೇಲೆ ತಿದ್ದಿ ತಿದ್ದಿ ಅಕ್ಷರ ಬೆರಳಿನಷ್ಟು ದಪ್ಪ ಆಗುತ್ತಿತ್ತು. ಇವತ್ತು ನನ್ನ ಕೈಬರಹ ಯಾರು ಬೇಕಾದರೂ ನೋಡಬಹುದು. ಶಾಲೆಯ ಮಿಸ್ ಮುಂದೆ 30, 40 ಮಕ್ಕಳು ಇರುತ್ತಾರೆ, ಒಬ್ಬೊಬ್ಬರ ಕೈ ಹಿಡಿದು ಬರೆಸಲು ಆಗುತ್ತಾ? ಚುಕ್ಕಿ ಪುಸ್ತಕ ಇರುವುದು ಅದಕ್ಕೇ.

ಹೊಸದುರ್ಗದ ಮೇಷ್ಟ್ರು:
ನಾನು ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಗೆ ಬಹಳ ವರ್ಷ ಪಾಠ ಮಾಡಿ ನಿವೃತ್ತನಾದವನು. ವಿದ್ಯಾನಗರದ ಸರ್, ನಿಮ್ಮ ಅಜ್ಜ ಮಾಡಿಸಿದ್ದು ಸರಿಯಾಗಿಯೇ ಇತ್ತು. ಆದರೆ ನೀವು ಒಂದು ವಿಷಯ ಮರೆತಿದ್ದೀರಿ. ತಿದ್ದಿ ಮುಗಿದ ಮೇಲೆ ಅಜ್ಜ ಏನು ಮಾಡುತ್ತಿದ್ದರು? ಪಾಟಿ ಒರೆಸಿ "ಈಗ ನೀನು ಬರಿ" ಅನ್ನುತ್ತಿದ್ದರು. ಅಲ್ವಾ? ಪಾಟಿಯ ಗುಣವೇ ಅದು, ಒರೆಸಲೇಬೇಕು. ಒರೆಸಿದ ಮೇಲೆ ಅಕ್ಷರ ಎಲ್ಲಿದೆ? ಹುಡುಗನ ತಲೆಯಲ್ಲಿ ಇರಬೇಕು, ಇಲ್ಲದಿದ್ದರೆ ಎಲ್ಲೂ ಇಲ್ಲ. ಚುಕ್ಕಿ ಪುಸ್ತಕದಲ್ಲಿ ಈ ಒರೆಸುವ ಗಳಿಗೆ ಬರುವುದೇ ಇಲ್ಲ, ಒಂದು ಚುಕ್ಕಿ ಅ ಆದ ಮೇಲೆ ಇನ್ನೊಂದು ಚುಕ್ಕಿ ಅ, ಹೀಗೆ ಪುಟದ ಕೊನೆವರೆಗೆ.

ನಾನು ಹೇಳುವುದು ತಿದ್ದಿಸಬೇಡಿ ಅಂತಲ್ಲ. ತಿದ್ದಿಸಿ, ಆದರೆ ದಿನದಿಂದ ದಿನಕ್ಕೆ ಆಸರೆ ಕಡಿಮೆ ಮಾಡುತ್ತಾ ಹೋಗಿ. ಮೊದಲು ಇಡೀ ಅಕ್ಷರ ಬಳಪದಲ್ಲಿ ಬರೆದುಕೊಟ್ಟು ಬೆರಳಲ್ಲಿ ತಿದ್ದಿಸಿ. ಮಾರನೇ ದಿನ ಚುಕ್ಕಿ. ಆಮೇಲೆ ಅರ್ಧ ಅಕ್ಷರ ನೀವು ಬರೆಯಿರಿ, ಉಳಿದರ್ಧ ಅವನು. ಆಮೇಲೆ ಎಲ್ಲಿಂದ ಶುರು ಅಂತ ಒಂದೇ ಒಂದು ಚುಕ್ಕಿ. ಕೊನೆಗೆ ಅದೂ ಬೇಡ. ಇದಕ್ಕೆ ಒಂದು ವಾರ ಆದರೂ ಆಗಲಿ, ಹದಿನೈದು ದಿನ ಆದರೂ ಆಗಲಿ.

ಇನ್ನೊಂದು ಮುಖ್ಯ ವಿಷಯ. ಅ ದಿಂದ ಯಾಕೆ ಶುರು ಮಾಡುತ್ತೀರಿ? ಬಾಯಲ್ಲಿ ಹೇಳುವುದಕ್ಕೆ ವರ್ಣಮಾಲೆ ಕ್ರಮ ಚೆನ್ನ. ಸ್ವರ 13, ಯೋಗವಾಹ 2, ವ್ಯಂಜನ 34, ಒಟ್ಟು 49, ಹಾಡಿನ ಹಾಗೆ ಹೇಳಿಸಿ. ಆದರೆ ಬರೆಯುವ ಕೈಗೆ ಆ ಕ್ರಮ ಕಷ್ಟ. ಮೂರನೆಯದೇ ಇ, ಏಳನೆಯದು ಋ. ದೊಡ್ಡವರೇ ಋ ಬರೆಯುವಾಗ ಒಂದು ಕ್ಷಣ ನಿಲ್ಲುತ್ತಾರೆ. ಸರ್ಕಾರಿ ಶಾಲೆಯ ನಲಿ ಕಲಿಯಲ್ಲಿ ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಪದ್ಧತಿ ಅದು. ರ ಅಂದರೆ ಒಂದು ಸೊನ್ನೆ, ಮೇಲೆ ತಲೆಕಟ್ಟು. ಗ ಅಂದರೆ ಒಂದು ಕಮಾನು, ಮೇಲೆ ತಲೆಕಟ್ಟು. ಐದು ಅಕ್ಷರ ಬಂದರೆ ಸರ, ಗರಗಸ, ಅರಸ, ದರ ಅಂತ ಪದವೇ ಬರೆಯಬಹುದು. ತಾನು ಬರೆದದ್ದು ಒಂದು ಪದ ಅಂತ ಗೊತ್ತಾದಾಗ ಆ ಮಕ್ಕಳ ಮುಖ ನೋಡಬೇಕು. ಅದನ್ನು ಅಷ್ಟು ವರ್ಷ ನೋಡಿದ್ದೇನೆ, ಒಂದು ದಿನವೂ ಬೇಜಾರಾಗಿಲ್ಲ.

ನಿಟ್ಟುವಳ್ಳಿ ಅಮ್ಮ:
ಮೇಷ್ಟ್ರೇ, ಇದನ್ನು ಎರಡು ಸಲ ಓದಿದೆ. ಅತ್ತೆಗೂ ಓದಿ ಹೇಳಿದೆ. "ನಾನು ಹೇಳಿದ್ದು ಅದನ್ನೇ ಅಲ್ವಾ" ಅಂದರು. ಅಕ್ಷರಾಭ್ಯಾಸದ ದಿನ ಅಕ್ಕಿ ಮೇಲೆ ಅರಿಶಿನದ ಕೊಂಬಿನಲ್ಲಿ ಬರೆಸಿದ್ದು ನೆನಪಾಯಿತು. ಅವತ್ತು ಅವನು ಅಳದೆ ನಗುನಗುತ್ತಾ ಕೂತಿದ್ದ. ಆಮೇಲೆ ಅಕ್ಕಿ ಎತ್ತಿಟ್ಟು ನೇರ ಪೆನ್ಸಿಲಿಗೆ ಬಂದುಬಿಟ್ಟೆವು. ಶಾಲೆಯಲ್ಲಿ ಮೊದಲ ತಿಂಗಳು ಪೂರ್ತಿ ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್ ಬರೆಸಿದ್ದರು. ಅದು ಬೇಕಾ?

ದುರ್ಗದ ಥೆರಪಿಸ್ಟ್:
ಇಂಗ್ಲಿಷಿನ ದೊಡ್ಡಕ್ಷರಕ್ಕೆ ಬೇಕು. ಎಲ್, ಟಿ, ಎಚ್, ಇ ಎಲ್ಲಾ ನಿಂತ ಗೆರೆ, ಮಲಗಿದ ಗೆರೆಗಳೇ. ನಮ್ಮ ಕನ್ನಡದಲ್ಲಿ ನೆಟ್ಟಗಿನ ಗೆರೆ ಎಲ್ಲಿದೆ ಹೇಳಿ? ಎಲ್ಲಾ ಸುತ್ತು, ಬಾಗು, ಕೊಂಡಿ. ಅದಕ್ಕೆ ಬೇಕಾದ ಅಭ್ಯಾಸವೇ ಬೇರೆ. ಸೊನ್ನೆ, ಅರ್ಧ ಸೊನ್ನೆ, ಮೇಲೆ ತೆರೆದ ಬಟ್ಟಲು, ಕೆಳಗೆ ತೆರೆದ ಕಮಾನು, ಬಸವನಹುಳದ ಸುರುಳಿ, ಸಾಲಾಗಿ ಅಲೆ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುತ್ತೀರಲ್ಲ, ಪಕ್ಕದಲ್ಲಿ ಅವನಿಗೂ ಒಂದು ಸೀಮೆಸುಣ್ಣ ಕೊಟ್ಟು ಕೂರಿಸಿ. ಬಳ್ಳಿ ರಂಗೋಲಿ ಬಿಡಿಸುವ ಕೈಗೆ ಕನ್ನಡ ಅಕ್ಷರ ಅರ್ಧ ಬಂದ ಹಾಗೆ.

ತಿದ್ದುವುದು ಸಾಕಾಗುವುದಿಲ್ಲ ಅನ್ನುವುದಕ್ಕೆ ಒಂದು ಸಂಶೋಧನೆಯೂ ಇದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ್ದು. ಇನ್ನೂ ಓದಲು ಬಾರದ 5 ವರ್ಷದ ಮಕ್ಕಳು ಕೆಲವು ಇಂಗ್ಲಿಷ್ ಅಕ್ಷರಗಳನ್ನು ನೋಡಿ ತಾವೇ ಬರೆದರು, ಕೆಲವನ್ನು ಗುರುತಿನ ಮೇಲೆ ತಿದ್ದಿದರು, ಕೆಲವನ್ನು ಕೀಬೋರ್ಡಿನಲ್ಲಿ ಒತ್ತಿದರು. ಆಮೇಲೆ ಆ ಅಕ್ಷರ ತೋರಿಸುತ್ತಾ ಮೆದುಳಿನ ಸ್ಕ್ಯಾನ್ ತೆಗೆದರು. ಓದುವಾಗ ಕೆಲಸ ಮಾಡುವ ಮೆದುಳಿನ ಭಾಗಗಳು ಎಚ್ಚರವಾಗಿದ್ದು ತಾವೇ ಬರೆದ ಅಕ್ಷರಗಳಿಗೆ. ತಿದ್ದಿದ್ದಕ್ಕೂ ಒತ್ತಿದ್ದಕ್ಕೂ ಹಾಗೆ ಆಗಲಿಲ್ಲ. ಅವರು ಊಹಿಸಿದ ಕಾರಣ ಇದು: ಮಗು ತಾನೇ ಬರೆದಾಗ ಒಂದು ಅಕ್ಷರ ಸೊಟ್ಟ, ಒಂದು ದೊಡ್ಡದು, ಒಂದು ಮುರುಕು. ಆ ಬೇರೆಬೇರೆ ರೂಪಗಳಿಂದಲೇ "ಇದೆಲ್ಲಾ ಅದೇ ಅಕ್ಷರ" ಅಂತ ಮೆದುಳಿಗೆ ಗೊತ್ತಾಗುತ್ತೆ. ಹಾಗಾಗಿ ಅವನು ಬರೆದ ಸೊಟ್ಟ ರ ಅನ್ನು ದಯವಿಟ್ಟು ರಬ್ಬರಿನಲ್ಲಿ ಅಳಿಸಬೇಡಿ.

ಹರಿಹರದ ಎಡಗೈ:
ನಮ್ಮ ಮಗಳು ಎಡಗೈಯಲ್ಲಿ ಬರೆಯುತ್ತಾಳೆ, ನಾನೂ ಹಾಗೇ. ನನ್ನನ್ನು ಚಿಕ್ಕವನಿದ್ದಾಗ ಎಡಗೈ ಮೇಲೆ ಹೊಡೆದು ಬಲಗೈಗೆ ಬಳಪ ಕೊಡುತ್ತಿದ್ದರು. ಅದರ ಭಯ ಹೋಗಲು ಬಹಳ ಕಾಲ ಬೇಕಾಯಿತು. ಎಡಗೈ ಮಕ್ಕಳ ಅಪ್ಪ ಅಮ್ಮ ಯಾರಾದರೂ ಇದ್ದರೆ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ತಿದ್ದುವ ಪುಸ್ತಕದಲ್ಲಿ ಮಾದರಿ ಅಕ್ಷರ ಸಾಲಿನ ಎಡಗಡೆ ಇರುತ್ತೆ. ಎಡಗೈ ಮಗು ಕೈ ಇಟ್ಟ ಕೂಡಲೇ ಆ ಮಾದರಿಯೇ ಮುಚ್ಚಿಹೋಗುತ್ತೆ! ಮಗು ಯಾವುದನ್ನು ನೋಡಿ ಬರೆಯಬೇಕು? ನಾನು ಪ್ರತಿ ಸಾಲಿನ ಬಲತುದಿಯಲ್ಲಿ ಇನ್ನೊಂದು ಮಾದರಿ ಬರೆದುಕೊಡುತ್ತೇನೆ. ಹಾಳೆಯ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿ ಇಡಬೇಕು, ಪೆನ್ಸಿಲನ್ನು ತುದಿಯಿಂದ ಸ್ವಲ್ಪ ಮೇಲೆ ಹಿಡಿಸಬೇಕು. ಅಷ್ಟು ಮಾಡಿದ್ದಕ್ಕೆ ಅವಳು ಈಗ ಕೈ ಮಡಚಿಕೊಂಡು ಬರೆಯುವುದಿಲ್ಲ.

ಮಂಡಿಪೇಟೆ ಜೆರಾಕ್ಸ್:
ನನ್ನದು ಜೆರಾಕ್ಸ್ ಅಂಗಡಿ. ಜೂನ್ ಬಂದರೆ ತಿದ್ದುವ ಹಾಳೆ ಪ್ರಿಂಟ್ ತೆಗೆಸಲು ತುಂಬಾ ಜನ ಬರುತ್ತಾರೆ. ಒಂದು ಮಾತು ಹೇಳಲೇಬೇಕು. ನೆಟ್‌ನಲ್ಲಿ ಸಿಗುವ ಎಷ್ಟೋ ಹಾಳೆಗಳಲ್ಲಿ ಕಂಪ್ಯೂಟರ್ ಫಾಂಟಿನ ಹೊರಗೆರೆಯನ್ನೇ ಚುಕ್ಕಿ ಮಾಡಿರುತ್ತಾರೆ. ಅಂದರೆ ಒಂದು ಗೆರೆಗೆ ಎರಡು ಅಂಚು. ಮಗು ಹೊರಗಿನಿಂದ ಒಂದು ಸುತ್ತು, ಒಳಗಿನಿಂದ ಒಂದು ಸುತ್ತು ತಿದ್ದುತ್ತೆ. ಅದು ಬರೆಯುವ ದಾರಿಯೇ ಅಲ್ಲ. ಪ್ರಿಂಟ್ ತೆಗೆಸುವ ಮುಂಚೆ ನೋಡಿ, ಮಧ್ಯದಲ್ಲಿ ಒಂದೇ ಸಾಲು ಚುಕ್ಕಿ ಇರಬೇಕು, ಎಲ್ಲಿಂದ ಶುರು ಅನ್ನುವ ಬಾಣದ ಗುರುತು ಇರಬೇಕು. ಒಂದು ಪುಟಕ್ಕೆ ಇಪ್ಪತ್ತು ಅಕ್ಷರ ಇದ್ದರೆ ಬಿಟ್ಟುಬಿಡಿ, ಅಂಗೈ ಅಗಲದ್ದು ನಾಲ್ಕು ಸಾಕು. ಮತ್ತೆ ನೂರು ಕಾಪಿ ತೆಗೆಸಬೇಡಿ. ನನಗೆ ವ್ಯಾಪಾರ ಆಗುತ್ತೆ ನಿಜ, ಆದರೆ ಒಂದೇ ಹಾಳೆಯನ್ನು ಪಾರದರ್ಶಕ ಫೈಲ್ ಕವರಿನಲ್ಲಿ ಹಾಕಿ ಬೋರ್ಡ್ ಮಾರ್ಕರ್ ಕೊಟ್ಟರೆ ಒರೆಸಿ ಒರೆಸಿ ವರ್ಷವೆಲ್ಲಾ ಬರೆಸಬಹುದು. ಮೇಷ್ಟ್ರು ಹೇಳಿದ ಒರೆಸುವ ಗಳಿಗೆಯೂ ಸಿಗುತ್ತೆ.

ಮೊಳಕಾಲ್ಮೂರು ಸೊಸೆ:
ನನ್ನ ಮಗಳಿಗೆ 5 ವರ್ಷ. ಅವಳದು ಇನ್ನೊಂದು ಸಮಸ್ಯೆ. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯುತ್ತಾಳೆ, 3 ಅಂತೂ ಯಾವಾಗಲೂ ಉಲ್ಟಾ. ನಾನು ಹೆದರಿದ್ದೆ. ಮಕ್ಕಳ ಡಾಕ್ಟರು 7 ವರ್ಷದವರೆಗೆ ಇದು ಸಾಮಾನ್ಯ ಅಂದರು.

ಇಲ್ಲಿ ಹೇಳಬೇಕೋ ಬೇಡವೋ ಗೊತ್ತಿಲ್ಲ, ಆದರೆ ಹೇಳಿಬಿಡುತ್ತೇನೆ. ನಮ್ಮ ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಬ್ರಾಹ್ಮಿ ಲಿಪಿಯಲ್ಲಿ ಎಡದಿಂದ ಬಲಕ್ಕೆ ಬರೆದದ್ದು. ಕೊನೆಯಲ್ಲಿ ಬರೆದವನು ಚಪಡ ಅಂತ ತನ್ನ ಹೆಸರು ಹಾಕಿದ್ದಾನೆ, ಲಿಪಿಕಾರ ಅನ್ನುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಹೋಗುವ ಲಿಪಿ. ಎರಡು ಸಾವಿರ ವರ್ಷದ ಹಿಂದೆ ನಮ್ಮೂರ ಬಂಡೆ ಮೇಲೆ ಎರಡೂ ದಿಕ್ಕಿಗೆ ಬರೆಯಬಲ್ಲವನೊಬ್ಬ ಕೂತಿದ್ದ. ಆ ಕಥೆ ಹೇಳಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಬಂಡೆ ಮುಟ್ಟಲಿಲ್ಲ, ದೂರದಿಂದಲೇ ಗಾಳಿಯಲ್ಲಿ ಬೆರಳಾಡಿಸಿದಳು. ಮನೆಗೆ ಬಂದು "ಅಮ್ಮಾ, ಇದು ಯಾವ ಕಡೆಯಿಂದ ಶುರು?" ಅಂತ ಕೇಳಲು ಶುರು ಮಾಡಿದ್ದಾಳೆ. ಅವಳು ದಿಕ್ಕಿನ ಬಗ್ಗೆ ಯೋಚನೆ ಮಾಡಿದ್ದು ಅದೇ ಮೊದಲು.

ವಿದ್ಯಾನಗರ ಅಪ್ಪ:
ಮೇಷ್ಟ್ರೇ, ನೀವು ಕೇಳಿದ್ದು ಸರಿ. ಅಜ್ಜ ಪಾಟಿ ಒರೆಸುತ್ತಿದ್ದರು. ಒದ್ದೆ ಬಟ್ಟೆ ಯಾವಾಗಲೂ ಅವರ ಪಕ್ಕದಲ್ಲೇ ಇರುತ್ತಿತ್ತು. ನಾನು ಅದನ್ನು ಮರೆತೇಬಿಟ್ಟಿದ್ದೆ. ಆದರೆ 40 ಮಕ್ಕಳ ಪ್ರಶ್ನೆ ಹಾಗೇ ಉಳಿಯಿತು.

ಚಳ್ಳಕೆರೆ ಅಂಗನವಾಡಿ:
ಅಣ್ಣ, ಅದಕ್ಕೆ ನಾನು ಹೇಳುತ್ತೇನೆ. ಎಲ್ಲರಿಗೂ ಒಂದೊಂದು ಪಾಟಿ. ನಾನು ಮೂರು ಜನರ ಪಾಟಿ ಮೇಲೆ ದೊಡ್ಡದಾಗಿ ಒಂದು ಗ ಬರೆಯುತ್ತೇನೆ. ಅವರು ನೀರಿನಲ್ಲಿ ಬೆರಳು ಅದ್ದಿ ಅದರ ಮೇಲೇ ತಿದ್ದುತ್ತಾ ಅಳಿಸುತ್ತಾರೆ. ಬಳಪದ ಗೆರೆ ಹೋಗಿ ನೀರಿನ ಗೆರೆ ಉಳಿಯುತ್ತೆ. ಅದು ಒಣಗುವುದರೊಳಗೆ ಅದರ ಮೇಲೆ ಬಳಪದಲ್ಲಿ ಬರೆಯಬೇಕು. ಒಣಗಿದ ಮೇಲೆ ಒರೆಸಿ, ಏನೂ ಇಲ್ಲದೆ ಬರೆಯಬೇಕು. ಅಷ್ಟರಲ್ಲಿ ನಾನು ಮುಂದಿನ ಮೂವರ ಹತ್ತಿರ ಹೋಗಿರುತ್ತೇನೆ. ನೀರು ಒಣಗುತ್ತೆ ಅನ್ನುವ ಅವಸರ ಮಕ್ಕಳಿಗೆ ಎಷ್ಟು ಖುಷಿ ಅಂದರೆ, "ಟೀಚರ್ ಇನ್ನೊಂದು" ಅಂತ ಅವರೇ ಪಾಟಿ ಹಿಡಿದು ಬರುತ್ತಾರೆ.

ನಿಟ್ಟುವಳ್ಳಿ ಅಮ್ಮ (ಮೂರು ವಾರದ ನಂತರ):
ಎಲ್ಲರಿಗೂ ಹೇಳಬೇಕು ಅಂತ ಬಂದೆ. ಶಾಲೆಗೆ ಹೋಗಿ ಮಾತಾಡಿದೆ. ಮಿಸ್ ಮೊದಲು ಒಪ್ಪಲಿಲ್ಲ, ಆಮೇಲೆ ದಿನಕ್ಕೆ ಒಂದು ಪುಟ ಸಾಕು ಅಂದರು. ಸಂಜೆ ಅತ್ತೆ ಪಾಟಿ ಹಿಡಿದು ಅವನ ಜೊತೆ ಕೂರುತ್ತಾರೆ. ಒದ್ದೆ ಬೆರಳಿನ ಆಟ ಅವನಿಗೆ ಹುಚ್ಚು ಹಿಡಿಸಿದೆ. ರ ಬಂದಿದೆ, ಚುಕ್ಕಿ ಇಲ್ಲದೆ! ಗ, ದ ಬಂದಿವೆ. ದ ಹೊಟ್ಟೆ ಒಂದೊಂದು ಸಲ ತೆರೆದೇ ಇರುತ್ತೆ. ಸ ಇನ್ನೂ ಕಷ್ಟ. ಅ ಅಕ್ಷರವನ್ನು ನಾನೇ ಮುಟ್ಟಿಲ್ಲ, ಆ ಅಳು ಮರೆಯಲಿ ಅಂತ. ಬಳಪದ ತುಂಡನ್ನು ಮೂರು ಬೆರಳಲ್ಲಿ ಹಿಡಿಯುತ್ತಾನೆ, ಪೆನ್ಸಿಲ್ ಕೊಟ್ಟರೆ ಮತ್ತೆ ಮುಷ್ಟಿ.

ಒಂದು ಅನುಮಾನ. ವ, ಮ ಎರಡೂ ಒಟ್ಟಿಗೆ ಕಲಿಸಬಹುದಾ? ನಮ್ಮ ಅಕ್ಕನ ಮಗ ಒಂದನೇ ಕ್ಲಾಸು, "ವು" ಬರೆಯಲು ಹೇಳಿದರೆ "ಮ" ಬರೆಯುತ್ತಾನೆ.

ಹೊಸದುರ್ಗದ ಮೇಷ್ಟ್ರು:
ತುಂಬಾ ಸಂತೋಷ ಆಯಿತು ತಾಯಿ. ದ ಹೊಟ್ಟೆ ತೆರೆದಿದ್ದರೆ ಇರಲಿ, ಮುಚ್ಚಿಕೊಳ್ಳುತ್ತೆ. ದ ಗಟ್ಟಿಯಾಗುವವರೆಗೆ ಧ, ಥ ತೋರಿಸಬೇಡಿ. ವ, ಮ ಒಂದೇ ದಿನ ಬೇಡ. ವ ಮೊದಲು, ಒಂದು ವಾರ ಬಿಟ್ಟು ಮ. ಆಮೇಲೆ ಎರಡನ್ನೂ ಅಕ್ಕಪಕ್ಕ ಬರೆದು "ಮ ದಲ್ಲಿ ಏನು ಜಾಸ್ತಿ ಇದೆ?" ಅಂತ ಅವನನ್ನೇ ಕೇಳಿ, ಬೆರಳಿಟ್ಟು ತೋರಿಸಲಿ. ವು ದೊಡ್ಡವರಿಗೂ ಗೊಂದಲ, ಕೊಂಬು ಕೆಳಗೆ ಇಳಿದರೆ ವು, ಪಕ್ಕದಲ್ಲೇ ಮೇಲಕ್ಕೆ ಹೋದರೆ ಮ. ಅದನ್ನು ಕಾಗುಣಿತಕ್ಕೆ ಬಂದಾಗ ನೋಡೋಣ, ಈಗ ಬೇಡ. ಸ ಬರುತ್ತಿಲ್ಲ ಅಂದಿರಲ್ಲ, ಅದನ್ನು ಚಪಾತಿ ಹಿಟ್ಟಿನಲ್ಲಿ ಮಾಡಿಸಿ ನೋಡಿದ್ದೀರಾ?

ನಿಟ್ಟುವಳ್ಳಿ ಅಮ್ಮ:
ಇಲ್ಲ ಮೇಷ್ಟ್ರೇ. ನಾಳೆ ಬೆಳಿಗ್ಗೆ ಹಿಟ್ಟು ಕಲಸುವಾಗ ಅವನಿಗೂ ಒಂದು ಉಂಡೆ ಕೊಡುತ್ತೇನೆ.